ರಾತ್ರಿಪಾಳಿಯ ಸಂಬಳ

ಆಪ್ ತೆರೆದು ‘ಮನೆಯಲ್ಲೇ ನರ್ಸಿಂಗ್’ ಅನ್ನೋ ಚೌಕ ಒತ್ತಿದೆ. ಪಿನ್‌ಕೋಡ್ ಕೇಳಿತು. 562105 ಅಂತ ಹಾಕಿದೆ. ಎರಡು ಸೆಕೆಂಡು ಚಕ್ರ ತಿರುಗಿ, ಕ್ಷಮಿಸಿ, ಈ ಪ್ರದೇಶದಲ್ಲಿ ನಮ್ಮ ಸೇವೆ ಇನ್ನೂ ಲಭ್ಯವಿಲ್ಲ ಅಂದಿತು. ಇನ್ನೊಂದು ಕಂಪನಿಗೆ ಫೋನ್ ಮಾಡಿದೆ. "ದೇವನಹಳ್ಳಿವರೆಗೂ ಕಳಿಸ್ತೀವಿ ಮೇಡಂ, ಅದರಾಚೆ ನಮ್ಮ ಲಿಮಿಟ್ ಇಲ್ಲ" ಅಂದರು. ವಿಮಾನ ನಿಲ್ದಾಣ ದಾಟಿದ ಮೇಲೆ ವಯಸ್ಸಾದವರು ಕಾಯಿಲೆ ಬೀಳೋದೇ ಇಲ್ಲ ಅಂತ ಇವರೆಲ್ಲ ಅಂದುಕೊಂಡಿದ್ದಾರೋ ಏನೋ.

ನಮ್ಮೂರು ಶಿಡ್ಲಘಟ್ಟ. ಬೆಂಗಳೂರಿಂದ ಅರವತ್ತು ಚಿಲ್ಲರೆ ಕಿಲೋಮೀಟರು. ಅಪ್ಪನಿಗೆ ಸ್ಟ್ರೋಕ್ ಆಗಿ ಬಲಗಡೆ ಬಿದ್ದುಹೋಗಿತ್ತು. ಹದಿನೆಂಟು ದಿನ ಬೆಂಗಳೂರಿನ ಆಸ್ಪತ್ರೆಯಲ್ಲಿಟ್ಟುಕೊಂಡು, "ಇನ್ನು ನಾವು ಮಾಡೋದು ಏನಿಲ್ಲ, ಮನೆಯಲ್ಲಿ ನರ್ಸಿಂಗ್ ಕೇರ್ ಬೇಕು" ಅಂತ ಕಳಿಸಿದರು. ಡಿಸ್ಚಾರ್ಜ್ ಸಮ್ಮರಿಯ ಕೊನೇ ಸಾಲು ಅದು. ಮೂಗಿನಲ್ಲಿ ರೈಲ್ಸ್ ಟ್ಯೂಬು, ಕೆಳಗೆ ಕ್ಯಾಥೆಟರ್, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಗಲೂ ಅಷ್ಟೇ, ರಾತ್ರಿಯೂ ಅಷ್ಟೇ. ಅಮ್ಮನಿಗೆ ಎರಡೂ ಮೊಣಕಾಲು ನೋವು. ಅಣ್ಣ ಪುಣೆಯಲ್ಲಿ. ನಾನು ಬೆಂಗಳೂರಿನಲ್ಲಿ, ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ.

ನೋಡೋಕೆ ಬಂದ ನೆಂಟರೆಲ್ಲ ಕಾಫಿ ಕುಡಿದು ಲೋಟ ಕೆಳಗಿಡುತ್ತಾ ಒಂದೇ ಪ್ರಶ್ನೆ ಕೇಳಿದರು. ಅಣ್ಣನನ್ನಲ್ಲ, ನನ್ನನ್ನು. "ಸ್ವಲ್ಪ ದಿನ ಕೆಲಸ ಬಿಟ್ಟು ಬರೋಕಾಗಲ್ವೇನಮ್ಮಾ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಓದಿದ್ದು, ಕೇಳಿದ್ದು, ಕಟ್ಟಿದ್ದು ಎಲ್ಲ ಸೇರಿ ಈ ಬರಹ. ಮನೆಯಲ್ಲಿ ಮಲಗಿರುವ ಒಂದು ದೇಹವನ್ನು ನೋಡಿಕೊಳ್ಳೋ ಕೆಲಸಕ್ಕೆ ಯಾರು, ಯಾವಾಗ, ಯಾವ ರೂಪದಲ್ಲಿ ದುಡ್ಡು ಕೊಟ್ಟರು ಅನ್ನೋದಕ್ಕೂ ಒಂದು ಚರಿತ್ರೆ ಇದೆ. ಅದು ನಮ್ಮ ಪಠ್ಯಪುಸ್ತಕಗಳಲ್ಲಿಲ್ಲ. ನಮ್ಮ ಮನೆಗಳಲ್ಲಿದೆ.

*

ನಮ್ಮ ಕಡೆ ಇದರ ಮೊದಲ ಅಧ್ಯಾಯ ಸೂಲಗಿತ್ತಿಯದು. ಹೆರಿಗೆ ಮಾಡಿಸಿ ಹೊರಟುಬಿಡೋಳಲ್ಲ ಆಕೆ. ಬಾಣಂತಿಗೆ ನೀರು ಹಾಕೋದು, ಮಗುವಿಗೆ ಎಣ್ಣೆ ತಿಕ್ಕೋದು, ಮೈಲಿಗೆ ಬಟ್ಟೆ ಒಗೆಯೋದು ಎಲ್ಲ ಅವಳದ್ದೇ. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ‘ಪೋಸ್ಟ್‌ನೇಟಲ್ ಹೋಮ್ ಕೇರ್’. ಗೌರಿಬಿದನೂರಿಂದ ಹಿಂದೂಪುರ ದಾಟಿ ಹೋದರೆ ಪಾವಗಡ ಸಿಗುತ್ತೆ. ಆ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅವರ ಹೆಸರು ನೀವು ಕೇಳಿರುತ್ತೀರಿ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಜ್ಜಿಯಿಂದ ಕಲಿತು, ಸುಮಾರು ಎಪ್ಪತ್ತು ವರ್ಷದಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಅದೂ ದುಡ್ಡು ತೆಗೆದುಕೊಳ್ಳದೆ. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು.

ನರಸಮ್ಮನವರ ದೊಡ್ಡಸ್ತಿಕೆಗೆ ಕೈಮುಗಿಯೋಣ. ಆದರೆ ಕೈಮುಗಿಯುವಾಗ ನಾವು ಮಾಡೋ ಒಂದು ಜಾಣತನವೂ ಇದೆ. ‘ಸೇವೆ’ ಅಂತ ಒಂದು ಸಲ ಹೆಸರಿಟ್ಟರೆ, ಕೂಲಿ ಎಷ್ಟು ಅಂತ ಮತ್ತೆ ಕೇಳಬೇಕಾಗಿಲ್ಲ. ಮೊರದಲ್ಲಿ ಅಕ್ಕಿ, ಬೆಲ್ಲ, ಎಲೆ ಅಡಿಕೆ, ಉಳ್ಳವರಾದರೆ ಒಂದು ಸೀರೆ. ಸೂಲಗಿತ್ತಿಯ ಬಿಲ್ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟೇ ಅಲ್ಲ, ರಕ್ತ ಮುಟ್ಟುವವಳು ಅನ್ನೋ ಕಾರಣಕ್ಕೆ ಅವಳನ್ನು ಮನೆಯ ಒಂದು ಹದ್ದಿಗಿಂತ ಒಳಗೆ ಬಿಟ್ಟುಕೊಳ್ಳದವರೂ ಇದ್ದರು. ಜೀವ ಉಳಿಸೋಕೆ ಕರೀತಾರೆ, ನೀರು ಕುಡಿಯೋಕೆ ಬೇರೆ ಲೋಟ ಕೊಡ್ತಾರೆ. ಮೈ ಮುಟ್ಟುವ ಕೆಲಸಕ್ಕೆ ನಮ್ಮಲ್ಲಿ ಸಂಬಳ ಕಡಿಮೆ ಯಾಕೆ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಈ ಲೋಟದಲ್ಲೇ ಇದೆ.

ಅದು ನಮ್ಮೊಬ್ಬರ ಕಥೆ ಅಂತಲ್ಲ. ಇಂಗ್ಲೆಂಡಿನಲ್ಲೂ ದುಡ್ಡಿಗಾಗಿ ಮನೆಗೆ ಬಂದು ರೋಗಿ ನೋಡಿಕೊಳ್ಳುವ ಹೆಂಗಸು ಅಂದರೆ ಜನಕ್ಕೆ ಅಷ್ಟಕ್ಕಷ್ಟೇ. 1843-44ರಲ್ಲಿ ಕಂತುಗಳಲ್ಲಿ ಬಂದ ಡಿಕನ್ಸ್‌ನ ‘ಮಾರ್ಟಿನ್ ಚಜಲ್‌ವಿಟ್’ ಕಾದಂಬರಿಯಲ್ಲಿ ಸೇರಿ ಗ್ಯಾಂಪ್ ಅಂತ ಒಬ್ಬಳು ಬಾಡಿಗೆ ನರ್ಸ್ ಬರ್ತಾಳೆ. ಕುಡುಕಿ, ನಿದ್ದೆಬುರುಕಿ. ಓದಿದವರೆಲ್ಲ ನಕ್ಕರು. ಆಗಿನ ಹೋಮ್ ನರ್ಸ್‌ಗಳ ಮೇಲೆ ಆ ಹೆಸರು ದಶಕಗಟ್ಟಲೆ ಅಂಟಿಕೊಂಡಿತು. ರಾತ್ರಿಯೆಲ್ಲ ಎದ್ದಿರಬೇಕಾದವಳು ಹಗಲು ಎಲ್ಲಿ ಮಲಗಬೇಕು ಅಂತ ಮಾತ್ರ ಯಾರೂ ಕೇಳಿದ ಹಾಗಿಲ್ಲ.

ತರಬೇತಿ ಪಡೆದ ಮನೆ ನರ್ಸಿಂಗ್‌ನ ಚರಿತ್ರೆಯಲ್ಲಿ ಎಲ್ಲರೂ ಹೇಳೋ ಒಂದು ಪ್ರಸಂಗ ಲಿವರ್‌ಪೂಲ್‌ನದು. ವಿಲಿಯಂ ರಾಥ್‌ಬೋನ್ ಅಂತ ಒಬ್ಬ ಶ್ರೀಮಂತ ವ್ಯಾಪಾರಿ. ಕಾಯಿಲೆ ಬಿದ್ದ ಹೆಂಡತಿಯನ್ನು ಮನೆಯಲ್ಲಿ ನೋಡಿಕೊಳ್ಳೋಕೆ ಮೇರಿ ರಾಬಿನ್ಸನ್ ಅನ್ನೋ ನರ್ಸನ್ನು ಸಂಬಳಕ್ಕೆ ಇಟ್ಟುಕೊಂಡಿದ್ದ. 1859ರಲ್ಲಿ ಹೆಂಡತಿ ತೀರಿಕೊಂಡಳು. ಎಲ್ಲ ಅನುಕೂಲ ಇರುವ ನಮ್ಮನೆಯಲ್ಲೇ ಈ ನರ್ಸ್‌ನಿಂದ ಇಷ್ಟು ನೆಮ್ಮದಿ ಸಿಕ್ಕಿತು, ಏನೂ ಇಲ್ಲದವರ ಮನೆಯಲ್ಲಿ ಎಷ್ಟು ಸಿಗಬಹುದು ಅಂತ ಆತನಿಗೆ ಹೊಳೆಯಿತು. ಅದೇ ಮೇರಿ ರಾಬಿನ್ಸನ್‌ಗೆ ಸಂಬಳ ಕೊಟ್ಟು, ಬಡವರ ಕೇರಿಗಳಿಗೆ ಹೋಗಿ ನೋಡಿಕೊಳ್ಳಿ ಅಂದ. ಮೊದಲು ಆಕೆ ಅಲ್ಲಿಯ ಸಂಕಟ ತಡೆಯಲಾರದೆ ನನ್ನ ಕೈಲಾಗಲ್ಲ ಅಂತ ವಾಪಸ್ ಬಂದಳಂತೆ. ಆಮೇಲೆ ಮನಸ್ಸು ಗಟ್ಟಿ ಮಾಡಿಕೊಂಡು ಉಳಿದಳು. ಇಂಥವರು ಇನ್ನಷ್ಟು ಜನ ಬೇಕು ಅಂತ ಹುಡುಕಿದರೆ ತರಬೇತಾದವರೇ ಇಲ್ಲ. ಫ್ಲಾರೆನ್ಸ್ ನೈಟಿಂಗೇಲ್ ತಮ್ಮ ನರ್ಸಿಂಗ್ ಶಾಲೆ ತೆರೆದಿದ್ದೇ 1860ರಲ್ಲಿ. ರಾಥ್‌ಬೋನ್ ಅವರ ಸಲಹೆ ಕೇಳಿ, 1862ರಲ್ಲಿ ಲಿವರ್‌ಪೂಲ್‌ನಲ್ಲೇ ಒಂದು ತರಬೇತಿ ಶಾಲೆ ಶುರುಮಾಡಿಸಿದ. ‘ಡಿಸ್ಟ್ರಿಕ್ಟ್ ನರ್ಸಿಂಗ್’ ಹುಟ್ಟಿದ್ದು ಹೀಗೆ. ನನಗೆ ಈ ಪ್ರಸಂಗ ಇಷ್ಟವಾಗೋದು ರಾಥ್‌ಬೋನ್‌ನ ದಾನಕ್ಕಲ್ಲ. ತನ್ನ ಮನೆಗೆ ಬಂದ ಬಿಲ್‌ನಿಂದ ಆತ ಪಕ್ಕದ ಬೀದಿಯ ಲೆಕ್ಕ ಹಾಕಿದ ಅನ್ನೋದಕ್ಕೆ.

ಅಮೆರಿಕದಲ್ಲಿ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ 1920ರ ದಶಕದವರೆಗೂ ಪಾಸಾದ ನರ್ಸ್‌ಗಳಲ್ಲಿ ಹೆಚ್ಚಿನವರು ಕೆಲಸ ಮಾಡುತ್ತಿದ್ದುದು ಆಸ್ಪತ್ರೆಯಲ್ಲಲ್ಲ, ಮನೆಗಳಲ್ಲಿ. ಆಸ್ಪತ್ರೆಯ ವಾರ್ಡುಗಳನ್ನು ನಡೆಸುತ್ತಿದ್ದವರು ಸಂಬಳವಿಲ್ಲದ ನರ್ಸಿಂಗ್ ವಿದ್ಯಾರ್ಥಿನಿಯರು. 1929ರ ನಂತರ ಆರ್ಥಿಕ ಕುಸಿತ ಬಂದಾಗ ಮನೆಯವರ ಕೈಯಲ್ಲಿ ದುಡ್ಡಿಲ್ಲ, ಮನೆ ನರ್ಸ್‌ಗಳಿಗೆ ಕೆಲಸ ಇಲ್ಲ. ಅವರೆಲ್ಲ ನಿಧಾನವಾಗಿ ಆಸ್ಪತ್ರೆಯ ಸಂಬಳದ ಪಟ್ಟಿಗೆ ಸೇರಿದರು. ಆರೈಕೆ ಮನೆಯಿಂದ ಆಸ್ಪತ್ರೆಗೆ ಹೋಯಿತು.

ನಮ್ಮಲ್ಲಿ ಹಾಗಾಗಲಿಲ್ಲ. ನಮ್ಮಲ್ಲಿ ಮನೆಯೇ ಆಸ್ಪತ್ರೆಯೊಳಕ್ಕೆ ಹೋಯಿತು.

*

ಚಿಕ್ಕಬಳ್ಳಾಪುರದ ಸಿಎಸ್‌ಐ ಆಸ್ಪತ್ರೆಯನ್ನು ನಮ್ಮ ಕಡೆಯ ಹಳಬರು ಇವತ್ತಿಗೂ ‘ಮಿಷನ್ ಆಸ್ಪತ್ರೆ’ ಅಂತಲೇ ಕರೆಯೋದು. ಅದು 20ನೇ ಶತಮಾನದ ಮೊದಲ ದಶಕಗಳಲ್ಲಿ ಲಂಡನ್ ಮಿಷನ್ ಸೊಸೈಟಿಯವರು ಕಟ್ಟಿದ್ದು. 1947ರಲ್ಲಿ ದಕ್ಷಿಣ ಭಾರತ ಸಭೆ ಆದ ಮೇಲೆ ಈಗಿನ ಹೆಸರು ಬಂತು. ಕೋಲಾರದಲ್ಲಿ ಮೆಥಡಿಸ್ಟ್ ಮಿಷನ್ನಿನ ಈಟಿಸಿಎಂ, ಬೆಂಗಳೂರಿನಲ್ಲಿ 1886ರಿಂದ ಸೇಂಟ್ ಮಾರ್ಥಾಸ್. ಬಿಳಿ ಸೀರೆ ಉಟ್ಟ ‘ಸಿಸ್ಟರ್’ ಅನ್ನೋ ಚಿತ್ರ ನಮ್ಮ ಅಜ್ಜಿಯರ ತಲೆಗೆ ಬಂದದ್ದು ಇಂಥ ಕಡೆಗಳಿಂದ. ನರ್ಸ್ ಕೆಲಸಕ್ಕೆ ಮೊದಲು ಬಂದವರಲ್ಲಿ ಕ್ರೈಸ್ತ ಹೆಣ್ಣುಮಕ್ಕಳೇ ಹೆಚ್ಚು ಯಾಕೆ ಅಂದರೆ, ಗಂಡಸರ ಮೈ ಮುಟ್ಟೋದು, ರಾತ್ರಿ ಕೆಲಸ ಮಾಡೋದು ಮರ್ಯಾದಸ್ಥರ ಕೆಲಸವಲ್ಲ ಅಂತ ಉಳಿದ ಮನೆಗಳವರು ಬಾಗಿಲು ಹಾಕಿಕೊಂಡಿದ್ದರು.

ಎಷ್ಟು ಜನ ನರ್ಸ್‌ಗಳಿದ್ದರು ಆಗ? 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ ಲೆಕ್ಕ ಹಾಕಿತ್ತು: ಬ್ರಿಟಿಷ್ ಭಾರತದಲ್ಲಿ ಸುಮಾರು 43,000 ಜನಕ್ಕೆ ಒಬ್ಬ ನರ್ಸ್. ಈ ಸಂಖ್ಯೆ ಓದಿದಾಗ ನನಗೆ ತಕ್ಷಣ ಅರ್ಥವಾಗಲಿಲ್ಲ. ಹಾಗಾಗಿ ನಮ್ಮ ಜಿಲ್ಲೆಗೆ ಹಚ್ಚಿ ನೋಡಿದೆ. ಕೋಲಾರದಿಂದ 2007ರಲ್ಲಿ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 12,55,104. ಭೋರ್ ಸಮಿತಿಯ ಕಾಲದ ದರದಲ್ಲಿ ಇಡೀ ಜಿಲ್ಲೆಗೆ 29 ನರ್ಸ್‌ಗಳು ಬರ್ತಿದ್ದರು. ಗೌರಿಬಿದನೂರಿಂದ ಚಿಂತಾಮಣಿವರೆಗೆ, ಹಗಲು ರಾತ್ರಿ ಎರಡೂ ಪಾಳಿ ಸೇರಿ, 29 ಜನ.

ಇಷ್ಟು ಕಡಿಮೆ ನರ್ಸ್‌ಗಳಿದ್ದ ಆಸ್ಪತ್ರೆಗಳು ನಡೆದದ್ದು ಹೇಗೆ? ‘ರೋಗಿ ಕಡೆಯವರು ಯಾರ್ರೀ?’ ಅನ್ನೋ ಕೂಗಿನಿಂದ. ಚಾಪೆ, ಟಿಫಿನ್ ಕ್ಯಾರಿಯರ್, ಫ್ಲಾಸ್ಕ್ ಹಿಡಿದು ಮಂಚದ ಕೆಳಗೆ ಮಲಗುವ ಹೆಂಡತಿ, ಮಗಳು, ಸೊಸೆ. ಬೆಡ್‌ಪ್ಯಾನ್ ಇಡೋಳು ಅವಳೇ, ಗಂಜಿ ಕುಡಿಸೋಳು ಅವಳೇ, ಡ್ರಿಪ್ ಮುಗಿದರೆ ಓಡಿಹೋಗಿ ಸಿಸ್ಟರನ್ನು ಕರೆಯೋಳೂ ಅವಳೇ. ಇವತ್ತಿಗೂ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ‘ಅಟೆಂಡರ್ ಪಾಸ್’ ಕೊಡ್ತಾರಲ್ಲ, ಅದು ಈ ಚರಿತ್ರೆಯ ಪಳೆಯುಳಿಕೆ. ನರ್ಸ್‌ಗಳ ಕೊರತೆಯನ್ನು ಈ ದೇಶ ತುಂಬಿಕೊಂಡಿದ್ದು ಮನೆ ಹೆಂಗಸರ ನಿದ್ದೆಯಿಂದ. ಯಾವ ಬಜೆಟ್ಟಿನಲ್ಲೂ ಅದು ಖರ್ಚು ಅಂತ ಕಾಣಿಸಲಿಲ್ಲ.

ಮನೆಗೇ ಹೋಗಿ ನೋಡುವ ಪ್ರಯತ್ನಗಳೂ ನಡೆದವು ಅನ್ನಿ. 1885ರಲ್ಲಿ ಶುರುವಾದ ಲೇಡಿ ಡಫರಿನ್ ನಿಧಿ, ಹೆಂಗಸರ ಚಿಕಿತ್ಸೆ ಜೊತೆಗೆ ನರ್ಸ್ ಮತ್ತು ಸೂಲಗಿತ್ತಿಯರ ತರಬೇತಿಗೂ ದುಡ್ಡು ಹಾಕಿತು. 1930ರ ದಶಕದಲ್ಲಿ ಮೈಸೂರು ಸರ್ಕಾರ ರಾಕ್‌ಫೆಲರ್ ಫೌಂಡೇಶನ್ ಜೊತೆ ಸೇರಿ ಕ್ಲೋಸ್‌ಪೇಟೆಯಲ್ಲಿ, ಅಂದರೆ ನಮ್ಮ ಹಾಗೇ ರೇಷ್ಮೆ ಊರಾದ ಈಗಿನ ರಾಮನಗರದಲ್ಲಿ, ಒಂದು ಆರೋಗ್ಯ ಘಟಕ ನಡೆಸಿತು. 2005ರ ನಂತರ ಆಶಾ ಕಾರ್ಯಕರ್ತೆಯರು ಬಂದರು. ಇವರೆಲ್ಲರ ಗಮನ ಹೆರಿಗೆ, ಮಗು, ಸಾಂಕ್ರಾಮಿಕ ರೋಗದ ಮೇಲೆ. ಅದು ಸರಿಯೇ. ಆದರೆ ಬಿದ್ದು ಮಲಗಿದ ಮುದುಕರು ಯಾರ ಪಟ್ಟಿಯಲ್ಲೂ ಇರಲಿಲ್ಲ. ಅವರು ‘ಮನೆಯ ವಿಷಯ’.

ಪಕ್ಕದ ಕೇರಳ ಮಾತ್ರ ಇದನ್ನ ಊರಿನ ವಿಷಯ ಮಾಡಿತು. 2008ರಲ್ಲಿ ಅಲ್ಲಿಯ ಸರ್ಕಾರ ಉಪಶಮನ ಆರೈಕೆಯ ನೀತಿ ತಂದು, ಹಾಸಿಗೆ ಹಿಡಿದವರ ಮನೆಗೆ ಪಂಚಾಯಿತಿ ಮೂಲಕವೇ ನರ್ಸ್ ಹೋಗುವ ವ್ಯವಸ್ಥೆ ಕಟ್ಟಿತು. ನಮ್ಮಲ್ಲಿ ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ಕೊಡುತ್ತಾ ಬಂದಿವೆ. ಅಪ್ಪನಿಗೆ ಆಗಿದ್ದು ಸ್ಟ್ರೋಕ್. ಊರು ಶಿಡ್ಲಘಟ್ಟ. ಎರಡು ಪಟ್ಟಿಯಲ್ಲೂ ನಾವಿರಲಿಲ್ಲ.

*

ಕೊನೆಗೆ ಯಾರೋ ಹೇಳಿ, ಜಿಲ್ಲೆಯಲ್ಲೇ ಒಂದು ಸಣ್ಣ ಏಜೆನ್ಸಿ ಸಿಕ್ಕಿತು. ಅಲ್ಲಿ ನಾನು ಕಲಿತ ಮೊದಲ ಪಾಠ: ‘ಹೋಮ್ ನರ್ಸ್’ ಅನ್ನೋ ಒಂದೇ ಹೆಸರಿನ ಕೆಳಗೆ ಮೂರು ಥರದವರಿರ್ತಾರೆ. ಜಿಎನ್‌ಎಂ ಅಥವಾ ಬಿಎಸ್‌ಸಿ ಮಾಡಿ ನೋಂದಣಿಯಾದ ನರ್ಸ್, ಎರಡು ವರ್ಷದ ಎಎನ್‌ಎಂ ಮಾಡಿದವರು, ಮತ್ತೆ ಅಟೆಂಡೆಂಟ್. ಮಗ್ಗುಲು ಬದಲಿಸೋದು, ಸ್ನಾನ, ಡಯಾಪರ್, ತಲೆ ಎತ್ತರಿಸಿ ಟ್ಯೂಬಿನಲ್ಲಿ ಗಂಜಿ ಬಿಡೋದು ಅಟೆಂಡೆಂಟ್ ಕಲಿತು ಮಾಡಬಲ್ಲರು. ಟ್ಯೂಬ್ ಹಾಕೋದು, ಕ್ಯಾಥೆಟರ್ ಬದಲಿಸೋದು, ಇಂಜೆಕ್ಷನ್, ಇದಕ್ಕೆಲ್ಲ ನರ್ಸೇ ಬೇಕು. ದಿನವಿಡೀ ನರ್ಸನ್ನು ಇಟ್ಟುಕೊಳ್ಳುವಷ್ಟು ದುಡ್ಡು ನಮಗಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ರಾತ್ರಿ ಹನ್ನೆರಡು ಗಂಟೆಯ ಪಾಳಿಗೆ ಒಬ್ಬ ಅಟೆಂಡೆಂಟ್, ಹಗಲು ಅಮ್ಮ ಮತ್ತು ಮನೆಕೆಲಸದವರು, ಕ್ಯಾಥೆಟರ್ ಬದಲಿಸೋಕೆ ಚಿಂತಾಮಣಿಯಿಂದ ಒಬ್ಬ ನರ್ಸ್ ಬಂದು ಹೋಗೋದು. ವಾರಾಂತ್ಯ ನಾನು. ಹೀಗೆ ಗಂಟು ಹಾಕಿದೆವು.

ಏಜೆನ್ಸಿಯ ಬಿಲ್ ತಿಂಗಳಿಗೆ ₹27,000. ಇನ್ಶೂರೆನ್ಸ್‌ನವರನ್ನು ಕೇಳಿದೆ. ಆಸ್ಪತ್ರೆಯ ಬಿಲ್ ಕಟ್ಟಿದ ಪಾಲಿಸಿ ಮನೆಯ ಅಟೆಂಡೆಂಟ್‌ಗೆ ಒಂದು ಪೈಸೆ ಕೊಡಲ್ಲ. ‘ಡೊಮಿಸಿಲಿಯರಿ’ ಅಂತ ಒಂದು ಕಲಮಿದೆ, ಆದರೆ ಅದು ಆಸ್ಪತ್ರೆಗೆ ಸೇರಿಸಬೇಕಾದ ಕಾಯಿಲೆಗೆ ಅನಿವಾರ್ಯವಾಗಿ ಮನೆಯಲ್ಲೇ ಚಿಕಿತ್ಸೆ ನಡೆದರೆ ಮಾತ್ರ. ವಾಸಿಯಾಗೋಕೆ ತಿಂಗಳುಗಟ್ಟಲೆ ಮಲಗಿರೋದು ಅವರ ಪ್ರಕಾರ ಚಿಕಿತ್ಸೆಯಲ್ಲ. ತೆರಿಗೆಯಲ್ಲಿ ಸ್ವಲ್ಪ ಉಸಿರು ಸಿಕ್ಕಿತು: ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿಕೊಂಡ ಮೇಲೆ, ಹಳೆ ಪದ್ಧತಿಯ ರಿಟರ್ನ್ಸ್‌ನಲ್ಲಿ 80ಡಿಡಿ ಕೆಳಗೆ ನಮ್ಮ ಮೇಲೆ ಅವಲಂಬಿತರಾದವರ ಆರೈಕೆಗೆ ₹75,000, ವೈಕಲ್ಯ ತೀವ್ರವಾಗಿದ್ದರೆ ₹1,25,000 ಕಳೆಯಬಹುದಿತ್ತು. ಆ ಕಲಮಿನಲ್ಲಿ ಚಿಕಿತ್ಸೆಯ ಜೊತೆ ‘ನರ್ಸಿಂಗ್’ ಅನ್ನೋ ಪದವೂ ಇದೆ. ಸರ್ಕಾರದ ಕಾಗದದಲ್ಲಿ ಆ ಪದ ನೋಡಿದ್ದೇ ಒಂದು ಸಮಾಧಾನ.

ರಾತ್ರಿಪಾಳಿಗೆ ಬಂದಾಕೆ ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯವರು. ವಯಸ್ಸು ನಲವತ್ತರ ಹತ್ತಿರ. ಮುಂಚೆ ಶಿಡ್ಲಘಟ್ಟದಲ್ಲೇ ರೇಷ್ಮೆ ಬಿಚ್ಚಾಣಿಕೆ ಕೆಲಸ ಮಾಡ್ತಿದ್ದರು. ಬಿಸಿನೀರಿನಲ್ಲಿ ಗೂಡು ಬೇಯಿಸಿ ಎಳೆ ಹಿಡಿಯೋ ಕೆಲಸ. ಬೆರಳ ತುದಿಗಳೆಲ್ಲ ಬಿರಿದು ಹುಣ್ಣಾಗಿ, ಆ ವಾಸನೆಗೆ ಉಬ್ಬಸ ಶುರುವಾಗಿ ಬಿಟ್ಟರಂತೆ. ನಮ್ಮಪ್ಪ ಮೂವತ್ತು ವರ್ಷ ನಡೆಸಿದ್ದು ಅಂಥದ್ದೇ ಒಂದು ಸಣ್ಣ ರೀಲಿಂಗ್ ಯೂನಿಟ್. ಅಲ್ಲಿ ಆರು ಜನ ಹೆಂಗಸರು ದಿನಗೂಲಿಗೆ ಕೂತಿರೋರು. ಪಿಎಫ್, ರಜೆ ಅಂತೆಲ್ಲ ನಾನು ಕೇಳಿದ ನೆನಪಿಲ್ಲ. ಈಗ ಆ ಬೆರಳುಗಳೇ ಅಪ್ಪನ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದವು.

ಮೂರನೇ ತಿಂಗಳು ಮಾತಿಗೆ ಮಾತು ಬಂದು, ಕೈಗೆ ಎಷ್ಟು ಸಿಗುತ್ತೆ ಅಂತ ಕೇಳಿದೆ. ಹದಿನಾರು ಸಾವಿರ ಅಂದರು. ರಜೆ ಹಾಕಿದ ದಿನ ಕಟ್. ಏಜೆನ್ಸಿಯವರನ್ನು ಪೂರ್ತಿ ಬೈಯೋಕೂ ಮನಸ್ಸು ಬರಲಿಲ್ಲ. ಹಿನ್ನೆಲೆ ವಿಚಾರಿಸೋದು, ಒಬ್ಬರು ಬರದಿದ್ದರೆ ಇನ್ನೊಬ್ಬರನ್ನು ಕಳಿಸೋದು, ಅದಕ್ಕೂ ಖರ್ಚಿದೆ. ಆದರೂ ₹11,000 ಅಂತರ ಅಂದರೆ ತಲೆಯಲ್ಲಿ ಕೂತುಬಿಡುತ್ತೆ.

ಈ ಅಂತರಕ್ಕೆ ಕಾನೂನು ಏನು ಹೇಳುತ್ತೆ ಅಂತ ಹುಡುಕಿದೆ. ಮನೆಕೆಲಸಕ್ಕೆ ಕನಿಷ್ಠ ಕೂಲಿ ನಿಗದಿ ಮಾಡಿದ ಮೊದಲ ರಾಜ್ಯ ಕರ್ನಾಟಕ, 2004ರಲ್ಲಿ. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧ 2013ರಲ್ಲಿ ಬಂದ ಕಾಯ್ದೆಯಲ್ಲಿ ಮನೆಯೂ ಕೆಲಸದ ಸ್ಥಳವೇ. ಅಂದರೆ ನಮ್ಮ ನಡುಮನೆ, ಕಾನೂನಿನ ಕಣ್ಣಲ್ಲಿ, ಅವರ ಆಫೀಸು. ಈ ಎರಡು ವಿಷಯ ನಮ್ಮ ಐಟಿ ಪಾರ್ಕ್‌ಗಳಲ್ಲಿ ಎಷ್ಟು ಜನಕ್ಕೆ ಗೊತ್ತಿದೆ?

ದುಡ್ಡಿರುವ ದೇಶದಲ್ಲಾದರೂ ಇದು ಸರಿಯಾಗಿದೆಯಾ ಅಂದರೆ, ಎವೆಲಿನ್ ಕೋಕ್ ಕಥೆ ಕೇಳಿ. ಜಮೈಕಾದಿಂದ ನ್ಯೂಯಾರ್ಕಿಗೆ ಹೋಗಿ ಇಪ್ಪತ್ತು ವರ್ಷ ಮುದುಕರನ್ನು ಅವರವರ ಮನೆಗಳಲ್ಲೇ ನೋಡಿಕೊಂಡಾಕೆ. ಓವರ್‌ಟೈಮ್ ಸಂಬಳ ಕೊಡಲಿಲ್ಲ ಅಂತ ಕೇಸು ಹಾಕಿದರು. 2007ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಆಕೆಯ ವಿರುದ್ಧ ತೀರ್ಪು ಕೊಟ್ಟರು. ಕಾನೂನಿನ ಪ್ರಕಾರ ಆಕೆ ಮಾಡಿದ್ದು ‘ಜೊತೆಗಿರುವ’ ಕೆಲಸ, ಅದಕ್ಕೆ ಓವರ್‌ಟೈಮ್ ಅನ್ವಯಿಸಲ್ಲ. 2009ರಲ್ಲಿ ಆಕೆ ತೀರಿಕೊಂಡರು. ನಿಯಮ ಬದಲಿಸಿದ್ದು 2013ರಲ್ಲಿ. ಶಿಡ್ಲಘಟ್ಟದ ಮೊರದ ಅಕ್ಕಿಗೂ ವಾಷಿಂಗ್ಟನ್ನಿನ ತೀರ್ಪಿಗೂ ತರ್ಕ ಒಂದೇ: ಇದು ಕೆಲಸ ಅಲ್ಲ, ಜೊತೆ. ಸೇವೆ. ಪ್ರೀತಿ.

*

ಗೌರಿಬಿದನೂರಿಂದ ಚಿಕ್ಕತ್ತೆ ಅಪ್ಪನನ್ನು ನೋಡೋಕೆ ಬಂದಿದ್ದು ನಾಲ್ಕನೇ ತಿಂಗಳು. ಅಪ್ಪನ ತಂಗಿ. ಮದುವೆಯಾಗಿಲ್ಲ. ಬಂದು ಕೂತವರು ಮಾತಾಡಲಿಲ್ಲ, ಅಟೆಂಡೆಂಟ್ ಅಪ್ಪನನ್ನು ಮಗ್ಗುಲು ತಿರುಗಿಸೋದನ್ನೇ ನೋಡುತ್ತಿದ್ದರು. ಆಮೇಲೆ ಎದ್ದುಬಂದು, ಎರಡು ಮೊಣಕಾಲುಗಳ ಮಧ್ಯೆ ಒಂದು ಸಣ್ಣ ದಿಂಬು ಇಟ್ಟು, "ಇಲ್ಲಿ ಮೂಳೆಗೆ ಮೂಳೆ ತಾಗುತ್ತೆ, ಮೊದಲು ಒಡೆಯೋದು ಇದೇ ಜಾಗ" ಅಂದರು. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಬಟ್ಟೆ ಸುತ್ತಿ ಎತ್ತರಿಸಿದರು. ಕೂಸುಗಳ ತಲೆಗೆ ರಾಗಿ ತುಂಬಿ ದಿಂಬು ಮಾಡ್ತಾರಲ್ಲ, ಅಂಥದ್ದು ಎರಡು ಮಾಡ್ಕೊಡ್ತೀನಿ ಅಂದರು.

ಎಲ್ಲಿ ಕಲಿತಿದ್ದು ಅಂತ ನಾನು ಕೇಳಬೇಕಾಗಿರಲಿಲ್ಲ. ನಮ್ಮಜ್ಜಿ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದು 1987ರಲ್ಲಿ. ತೀರಿಕೊಂಡಿದ್ದು 1996ರಲ್ಲಿ. ಒಂಬತ್ತು ವರ್ಷ, ಬೆನ್ನಲ್ಲಿ ಒಂದು ಹುಣ್ಣಿಲ್ಲದ ಹಾಗೆ ನೋಡಿಕೊಂಡಿದ್ದು ಚಿಕ್ಕತ್ತೆ. ಆಗ ಅವರಿಗೆ ಟಿಸಿಎಚ್ ಸೀಟು ಸಿಕ್ಕಿತ್ತು. ಟೀಚರ್ ಆಗಬೇಕಿತ್ತು. "ಸ್ವಲ್ಪ ದಿನ" ಅಂತ ಮನೆಯಲ್ಲಿ ನಿಲ್ಲಿಸಿಕೊಂಡರು.

ಅತ್ತೆ ಅಟೆಂಡೆಂಟನ್ನು ಕೇಳಿದರು, "ಎಷ್ಟು ಕೊಡ್ತಾರಮ್ಮ ನಿಂಗೆ?" ಆಕೆ ಹೇಳಿದರು. ಅತ್ತೆ ತಲೆಯಾಡಿಸಿ ಸುಮ್ಮನಾದರು. ಸಂಜೆ ಬಸ್ ಹತ್ತಿಸೋಕೆ ಹೋದಾಗ ನನಗೆ ಅಂದರು: "ನಂಗೆ ಯಾರೂ ಕೊಡಲಿಲ್ಲ ಅಂತ ಬೇಜಾರಿಲ್ಲ ಕಣೆ. ಯಾರೂ ಕೇಳಲಿಲ್ಲ ನೋಡು."

ಆ ರಾತ್ರಿ ಲ್ಯಾಪ್‌ಟಾಪ್ ತೆಗೆದು ಲೆಕ್ಕ ಹಾಕಿದೆ. ನಮ್ಮಂಥವರಿಗೆ ಎಕ್ಸೆಲ್ ಇಲ್ಲದೆ ದುಃಖಪಡೋಕೂ ಬರಲ್ಲ. ಏಜೆನ್ಸಿಯ ದರ ಬೇಡ, ಈಕೆಯ ಕೈಗೆ ಸಿಗೋ ದರವೇ ಇರಲಿ. ತಿಂಗಳಿಗೆ ₹16,000, ವರ್ಷಕ್ಕೆ ಹನ್ನೆರಡು ತಿಂಗಳು, ಒಂಬತ್ತು ವರ್ಷ. ಒಂದು ಪಾಳಿಗೆ ₹17,28,000. ಅತ್ತೆ ಮಾಡಿದ್ದು ಎರಡೂ ಪಾಳಿ: ₹34,56,000. ಇದರಲ್ಲಿ ಟೀಚರ್ ಸಂಬಳವಿಲ್ಲ, ಪೆನ್ಶನ್ ಇಲ್ಲ, ಆಗದ ಮದುವೆಯಿಲ್ಲ.

ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ತಂದಿತ್ತು. ಇಡೀ ದೇಶಕ್ಕೆ ಅಂಥ ಕಾನೂನು ಬಂದಿದ್ದು 2005ರಲ್ಲಿ. ನಮ್ಮನೆಯಲ್ಲಿ ಗೌರಿಬಿದನೂರಿನ ಮನೆ, ಹೊಲ ಭಾಗ ಆಗಿದ್ದು 1998ರಲ್ಲಿ. ಅಪ್ಪ, ದೊಡ್ಡಪ್ಪ ಎರಡು ಪಾಲು ಮಾಡಿಕೊಂಡರು. ಅತ್ತೆಗೆ ‘ಇರೋವರೆಗೂ ಇರು’ ಅಂತ ಒಂದು ಕೋಣೆ. ಕಾನೂನು ಅಷ್ಟೊತ್ತಿಗೆ ನಾಲ್ಕು ವರ್ಷ ಹಳೆಯದಾಗಿತ್ತು.

ಅಪ್ಪನಿಗೆ ಈಗ ಒಂದೊಂದು ಪದ ಮಾತು ಬರುತ್ತೆ. ಎಕ್ಸೆಲ್ ಹಾಳೆಯನ್ನು ಓದಿ ಹೇಳಿದೆ. ಬಹಳ ಹೊತ್ತು ಸೂರು ನೋಡುತ್ತಿದ್ದರು. ಎಡಗೈ ಎತ್ತಿ "ಬರಿ" ಅಂದರು. ಅವರ ಪಾಲಿನ ಮನೆಯ ಭಾಗವನ್ನು ಅತ್ತೆಯ ಹೆಸರಿಗೆ ಮಾಡೋಕೆ ವಕೀಲರ ಹತ್ತಿರ ಹೋಗಿ ಬಂದಿದ್ದೀನಿ. ಅಣ್ಣ ಇನ್ನೂ ಒಪ್ಪಿಲ್ಲ. ಅಪ್ಪನ ಆರೈಕೆಗೇ ಇಷ್ಟು ಖರ್ಚಾಗ್ತಿರುವಾಗ ಇದೆಲ್ಲ ಈಗ ಯಾಕೆ ಅಂತಾನೆ. ನಮ್ಮಿಬ್ಬರ ಮಧ್ಯೆ ಮಾತು ಕಮ್ಮಿಯಾಗಿದೆ.

*

ಏಜೆನ್ಸಿಯ ಆರು ತಿಂಗಳ ಕರಾರು ಮುಗಿದ ಮೇಲೆ, ಅವರು ಕೇಳಿದ ಮೊತ್ತ ಕಟ್ಟಿ ಆಕೆಯನ್ನು ನೇರವಾಗಿ ಇಟ್ಟುಕೊಂಡೆವು. ತಿಂಗಳಿಗೆ ₹22,000, ನಾಲ್ಕು ದಿನ ಸಂಬಳ ಸಹಿತ ರಜೆ, 1ನೇ ತಾರೀಕು ಬ್ಯಾಂಕಿಗೆ. ಮಾತಾಡಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ನಮಗೆ ₹5,000 ಉಳಿಯಿತು, ಅವರಿಗೆ ₹6,000 ಹೆಚ್ಚಾಯಿತು. ಆಕೆ ಬರದ ರಾತ್ರಿಗೆ ಬದಲಿ ಇಲ್ಲ, ಅದೊಂದು ನಷ್ಟ. ಆ ನಾಲ್ಕು ರಾತ್ರಿ ನಾನು ಬರ್ತೀನಿ, ನಾಲ್ಕರಲ್ಲಿ ಒಂದು ಸಲ ಅಣ್ಣ. ಅಲಾರಂ ಇಟ್ಟುಕೊಂಡು ಎರಡು ಗಂಟೆಗೊಮ್ಮೆ ಏಳೋದು ಏನು ಅಂತ ಈಗ ಗೊತ್ತಾಗಿದೆ. ಮಾರನೇ ದಿನ ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿ ಯಾರು ಏನು ಹೇಳಿದರು ಅಂತ ನೆನಪಿರಲ್ಲ.

ಕೆಲಸ ನಾನು ಬಿಟ್ಟಿಲ್ಲ. ಬಿಡದಿರೋದಕ್ಕೆ ಕಾರಣ ನನ್ನ ಧೈರ್ಯವಲ್ಲ, ತಿಂಗಳಿಗೆ ₹22,000 ಕೊಡಬಲ್ಲೆ ಅನ್ನೋದು. ಅತ್ತೆಗೂ ನನಗೂ ಇರೋ ವ್ಯತ್ಯಾಸ ಅಷ್ಟೇ. ನೆಂಟರ ಪ್ರಶ್ನೆಗೆ ನನ್ನ ಉತ್ತರವೂ ಅಷ್ಟೇ: ಈ ಕೆಲಸಕ್ಕೆ ಯಾವಾಗಲೂ ಬೆಲೆ ಇತ್ತು. ಯಾವಳೋ ಒಬ್ಬಳು ಬಾಯಿಮುಚ್ಚಿಕೊಂಡು ಕಟ್ಟಿದಳು, ನಿಮಗೆ ಕಾಣಿಸಲಿಲ್ಲ. ಈಗ ರಸೀದಿ ಬರ್ತಿದೆ.

ಆದರೆ ಕಥೆ ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನ ಇಷ್ಟು ಉದ್ದ ಬರೀತಿರಲಿಲ್ಲ. ಕಳೆದ ತಿಂಗಳು ಆಕೆ ಎರಡು ದಿನ ಹೆಚ್ಚು ರಜೆ ಕೇಳಿದರು. ಊರಲ್ಲಿ ಅತ್ತೆಗೆ ಹುಷಾರಿಲ್ಲ, ಹಾಸಿಗೆ ಬಿಟ್ಟು ಏಳ್ತಿಲ್ಲ ಅಂದರು. ಇಷ್ಟು ದಿನ ಯಾರು ನೋಡಿಕೊಳ್ತಿದ್ದರು ಅಂತ ಕೇಳಿದೆ. "ಮಗಳು" ಅಂದರು. ಒಂಬತ್ತನೇ ಕ್ಲಾಸು. ಸ್ಕೂಲಿಗೆ? "ಸ್ವಲ್ಪ ದಿನ ಬೇಡ ಅಂದಿದ್ದೀನಿ. ಏಂ ಕಾದು ಮೇಡಂ" ಅಂದರು, ನಮ್ಮ ಸೀಮೆಯ ತೆಲುಗಿನಲ್ಲಿ. ಏನೂ ಆಗಲ್ಲ ಅಂತ.

ಸ್ವಲ್ಪ ದಿನ ಅಂದರೆ ಎಷ್ಟು ದಿನ ಅಂತ ನಮ್ಮನೆಯಲ್ಲಿ ಎಲ್ಲರಿಗೂ ಗೊತ್ತು. ರಜೆ ಕೊಟ್ಟೆ. ಆ ಹುಡುಗಿ ಸ್ಕೂಲಿಗೆ ಹೋಗುವ ಹೊತ್ತಿಗೆ ಅಜ್ಜಿಯನ್ನು ನೋಡಿಕೊಳ್ಳೋಕೆ ಅವರ ಹಳ್ಳಿಯಲ್ಲೇ ಯಾರಾದರೂ ಸಿಗ್ತಾರಾ, ಎಷ್ಟಾಗುತ್ತೆ, ಅದರಲ್ಲಿ ಎಷ್ಟು ನಾವು ಕೊಡಬಹುದು ಅಂತ ವಿಚಾರಿಸ್ತಿದ್ದೀನಿ. ಎಕ್ಸೆಲ್ಲಿನಲ್ಲಿ ಹೊಸ ಸಾಲು ಸೇರಿಸಿದ್ದೀನಿ. ಮೊತ್ತದ ಜಾಗ ಇನ್ನೂ ಖಾಲಿ ಇದೆ.